ಕುತ್ತಿಗೆಯಲ್ಲಿ ಗಂಟೇ ಇಲ್ಲ, ಆದರೂ ಕುತ್ತಿಗೆ ಆಪರೇಷನ್ ಬೇಕಂತೆ. ಯಾಕೆ?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ನಾಲಿಗೆಯ ಬಲ ಅಂಚಿನಲ್ಲಿ ಒಂದು ಹುಣ್ಣು ಇತ್ತು, ವಾಸಿನೇ ಆಗಲಿಲ್ಲ. ಹಲ್ಲು ಚುಚ್ಚಿ ಆಗಿದೆ ಅಂದುಕೊಂಡು ಹಲ್ಲನ್ನೇ ಉಜ್ಜಿಸಿಕೊಂಡು ಬಂದಿದ್ದರು. ಕೊನೆಗೆ ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿ ಕ್ಯಾನ್ಸರ್ ಅಂತ ಬಂತು. ಗಡ್ಡೆ 1.8 ಸೆಂಟಿಮೀಟರ್, ಫೈಲಿನಲ್ಲಿ ಟಿ1 ಎನ್0 (ಗಡ್ಡೆ ಸಣ್ಣದು, ಕುತ್ತಿಗೆ ಗ್ರಂಥಿಗಳಲ್ಲಿ ರೋಗ ಕಂಡಿಲ್ಲ) ಅಂತ ಬರೆದಿದ್ದಾರೆ.

ಡಾಕ್ಟರು "ಬೇಗ ಸಿಕ್ಕಿದೆ, ಒಳ್ಳೇದಾಯ್ತು" ಅಂದರು. ಅದರ ಹಿಂದೇನೇ, ನಾಲಿಗೆ ಜೊತೆ ಕುತ್ತಿಗೆಯನ್ನೂ ತೆರೆದು ಗ್ರಂಥಿಗಳನ್ನು ತೆಗೀಬೇಕು ಅಂದರು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಕೈಗೂ ಏನೂ ಸಿಗಲ್ಲ, ಇಲ್ಲದ ರೋಗಕ್ಕೆ ಕುತ್ತಿಗೆ ಕುಯ್ಯೋದು ಯಾಕೆ? ದೊಡ್ಡಪ್ಪ ಬೇರೆ "ಕತ್ತರಿ ಬಿದ್ದರೆ ಮೈಯೆಲ್ಲ ಹರಡುತ್ತೆ" ಅಂತ ಹಟ ಹಿಡಿದು ಕೂತಿದ್ದಾರೆ. ರಾತ್ರಿಯೆಲ್ಲ ನೆಟ್ಟಲ್ಲಿ ಹುಡುಕಿದೆ. ಒಂದು ಕಡೆ 80 ಪರ್ಸೆಂಟ್ ಬದುಕುತ್ತಾರೆ ಅಂತಿದೆ, ಇನ್ನೊಂದು ಕಡೆ 60ಕ್ಕಿಂತ ಕಮ್ಮಿ. ಅಪ್ಪನಿಗೆ ಇದರಲ್ಲಿ ಯಾವುದು?

ಗಂಟಲು_ಡಾಕ್ಟರ್

ಮೊದಲು ದೊಡ್ಡಪ್ಪನ ಮಾತು ಮುಗಿಸಿಬಿಡೋಣ. ಕತ್ತರಿ ಬಿದ್ದಿದ್ದಕ್ಕೆ ಹರಡಲ್ಲ. ತಡವಾಗಿ ಬಂದವರಿಗೆ ಆಪರೇಷನ್ ಆದಮೇಲೂ ರೋಗ ಮರಳಿ ಬರುತ್ತೆ, ನೋಡಿದವರು ಕತ್ತರಿಯನ್ನು ಬೈಯುತ್ತಾರೆ, ಅಷ್ಟೇ.

ಕುತ್ತಿಗೆಯ ವಿಷಯ. ನಿಮ್ಮ ಪ್ರಶ್ನೆಯನ್ನೇ ಇಟ್ಟುಕೊಂಡು ಸರ್ಜನ್‌ಗಳು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಒಂದು ಗುಂಪು ನಾಲಿಗೆ ಜೊತೆಗೇ ಗ್ರಂಥಿ ತೆಗೀರಿ ಅಂತಿತ್ತು. ಇನ್ನೊಂದು ಗುಂಪು, ಕಾದು ನೋಡಿ, ಗಂಟು ಕಂಡರೆ ಆಗ ತೆಗೀರಿ ಅಂತಿತ್ತು. ಇದಕ್ಕೆ ಉತ್ತರ ಸಿಕ್ಕಿದ್ದು ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ. 2004ರಲ್ಲಿ ಶುರುವಾದ ಟ್ರಯಲ್, 2015ರಲ್ಲಿ ಫಲಿತಾಂಶ ಬಂತು. ನಿಮ್ಮ ಅಪ್ಪನಂಥವರೇ, ಅಂದರೆ ಬಾಯಿ ಕ್ಯಾನ್ಸರ್ ಬೇಗ ಸಿಕ್ಕಿ ಕುತ್ತಿಗೆಯಲ್ಲಿ ಏನೂ ಕಾಣದವರು, ಚೀಟಿ ಎತ್ತಿದ ಹಾಗೆ ಎರಡು ಗುಂಪು. 500 ಜನರ ಲೆಕ್ಕ ಹಾಕಿದಾಗ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ 3 ವರ್ಷಕ್ಕೆ 80 ಪರ್ಸೆಂಟ್ ಬದುಕಿದ್ದರು, ಕಾದು ನೋಡಿದವರಲ್ಲಿ 67.5. ರೋಗ ಮರಳಿ ಬಂದದ್ದು ಮೊದಲನೇ ಗುಂಪಿನಲ್ಲಿ 81 ಜನಕ್ಕೆ, ಎರಡನೆಯದರಲ್ಲಿ 146.

ಯಾಕೆ ಹೀಗೆ ಅಂದರೆ, ಏನೂ ಇಲ್ಲ ಅಂದುಕೊಂಡು ತೆಗೆದ ಗ್ರಂಥಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಸುಮಾರು 30 ಪರ್ಸೆಂಟ್ ಜನರಲ್ಲಿ ರೋಗ ಆಗಲೇ ಅಲ್ಲಿ ಕೂತಿತ್ತು. ಸ್ಕ್ಯಾನ್‌ಗೆ ಕಾಣದಷ್ಟು ಸಣ್ಣದಾಗಿ.

ಗಿರಿ_ಕೆ

ಡಾಕ್ಟರೇ, ಹಾಗಂದರೆ ಉಳಿದ 70 ಪರ್ಸೆಂಟ್ ಜನಕ್ಕೆ ಸುಮ್ನೆ ಕುತ್ತಿಗೆ ಕುಯ್ದ ಹಾಗಾಯ್ತು ಅಲ್ವಾ? ತಿಂಗಳು ತಿಂಗಳು ಅಲ್ಟ್ರಾಸೌಂಡ್ ಮಾಡ್ತಾ ಇದ್ದರೆ ಗಂಟು ಸಣ್ಣದಿದ್ದಾಗಲೇ ಸಿಗಲ್ವಾ?

ಗಂಟಲು_ಡಾಕ್ಟರ್

ನ್ಯಾಯವಾದ ಪ್ರಶ್ನೆ. ಕಾದು ನೋಡಿದ ಗುಂಪನ್ನು ಅವರು ಕೈಬಿಟ್ಟಿರಲಿಲ್ಲ ಗಿರಿ. ಕರೆದು ಕರೆದು ಪರೀಕ್ಷೆ ಮಾಡುತ್ತಿದ್ದರು, ಆದರೂ ಗಂಟು ಸಿಗೋ ಹೊತ್ತಿಗೆ ರೋಗ ಬಲಿತಿರುತ್ತಿತ್ತು. ಟ್ರಯಲ್ ಶಿಸ್ತಿನಲ್ಲೇ ಹೀಗೆ ಅಂದರೆ, ಸುಗ್ಗಿ ಮುಗೀಲಿ, ಮದುವೆ ಮುಗೀಲಿ ಅಂತ ಚೆಕಪ್ ಮುಂದೂಡುವ ನಮ್ಮ ಜನರಲ್ಲಿ ಹೇಗಿರುತ್ತೆ ಯೋಚನೆ ಮಾಡಿ.

ಲೆಕ್ಕ ಬಿಡಿಸಿದರೆ, 8 ಜನಕ್ಕೆ ಮೊದಲೇ ಗ್ರಂಥಿ ತೆಗೆದರೆ ಒಂದು ಸಾವು ತಪ್ಪುತ್ತೆ. ನನ್ನ ಮಟ್ಟಿಗೆ ಅದು ಬಹಳ ದೊಡ್ಡ ಲಾಭ. ಆದರೆ ಎಲ್ಲರಿಗೂ ಕಣ್ಣುಮುಚ್ಚಿ ಮಾಡಿ ಅಂತಲೂ ಅಲ್ಲ. ಗಡ್ಡೆ 3 ಮಿಲಿಮೀಟರ್‌ಗಿಂತ ಆಳ ಇಳಿಯದವರಲ್ಲಿ ಅದೇ ಟ್ರಯಲ್‌ನಲ್ಲಿ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಇನ್ನೊಂದು ದಾರಿ ಸೆಂಟಿನೆಲ್ ನೋಡ್ ಬಯಾಪ್ಸಿ. ಗಡ್ಡೆಯಿಂದ ಮೊದಲು ತಲುಪುವ ಗ್ರಂಥಿಯನ್ನು ಮಾತ್ರ ಹುಡುಕಿ ತೆಗೆದು ನೋಡೋದು, ಅದು ಚೆನ್ನಾಗಿದ್ದರೆ ಉಳಿದದ್ದನ್ನು ಮುಟ್ಟಲ್ಲ. ಫ್ರಾನ್ಸ್ ಮತ್ತು ಜಪಾನಿನ ಟ್ರಯಲ್‌ಗಳಲ್ಲಿ ಇದು ಪೂರ್ತಿ ಆಪರೇಷನ್‌ಗೆ ಸಮನಾಗಿ ನಿಂತಿದೆ. ಆದರೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು, ಕೈ ಪಳಗಿದ ಪೆಥಾಲಜಿಯವರು ಬೇಕು, ಎಲ್ಲ ಕಡೆ ಸಿಗಲ್ಲ.

ಫೈಲು_ನೋಡೋಳು

ನಾನು ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಡೇಟಾ ಕೆಲಸ ಮಾಡೋಳು. ಪರ್ಸೆಂಟೇಜ್ ಬಗ್ಗೆ ನಾನು ಹೇಳುತ್ತೇನೆ.

ತಮ್ಮಾ, 80 ಅಂತ ಓದಿದ ತಕ್ಷಣ ಕೇಳಬೇಕಾದದ್ದು "ಯಾರಲ್ಲಿ 80, ಎಷ್ಟು ವರ್ಷಕ್ಕೆ 80" ಅಂತ. ನೀನು ಕಂಡ 60ಕ್ಕಿಂತ ಕಮ್ಮಿ ಅನ್ನೋದು ಬಹುಶಃ ಎಲ್ಲ ಸ್ಟೇಜ್ ಸೇರಿಸಿ 5 ವರ್ಷದ ಲೆಕ್ಕ ಇರಬೇಕು. ಅದರಲ್ಲಿ ದವಡೆ ಕೊರೆದು ಹೋಗಿರೋ ರೋಗಿಯೂ ಇರುತ್ತಾರೆ, ನಿಮ್ಮ ಅಪ್ಪನ ಥರದವರೂ ಇರುತ್ತಾರೆ. ಎರಡನ್ನೂ ಪಕ್ಕ ಇಟ್ಟು ಹೋಲಿಸಿದರೆ ತಲೆ ಕೆಡುತ್ತೆ ಅಷ್ಟೇ.

ಇನ್ನೊಂದು, ಇದನ್ನು ಹೊರಗೆ ಯಾರೂ ಹೇಳಲ್ಲ. ಚೆಕಪ್‌ಗೆ ಬರೋದು ನಿಲ್ಲಿಸಿದವರನ್ನು ಏನು ಮಾಡೋದು? ಫೋನ್ ಮಾಡ್ತೀವಿ, ನಂಬರ್ ಬದಲಾಗಿರುತ್ತೆ. ಇಲ್ಲ, ಯಾರೋ ಎತ್ತಿ "ಅವರು ಊರಲ್ಲಿಲ್ಲ" ಅಂದು ಇಟ್ಟುಬಿಡುತ್ತಾರೆ, ಬದುಕಿದ್ದಾರೋ ಇಲ್ಲವೋ ಗೊತ್ತಾಗಲ್ಲ. ಅಂಥವರನ್ನು ಕೊನೆಗೆ ಕಂಡ ದಿನದವರೆಗೆ ಬದುಕಿದ್ದರು ಅಂತ ಬರೆದು, ಆಮೇಲಿನ ಲೆಕ್ಕದಿಂದ ಬಿಡುತ್ತೀವಿ. ಕಪ್ಲಾನ್-ಮೈಯರ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಗ್ರಾಫ್ ನೋಡಿದ್ದೀಯಲ್ಲ, ಅದರ ಮೇಲಿನ ಸಣ್ಣ ಸಣ್ಣ ಗೀಟುಗಳು ಅವೇ. ಬರದೇ ಇದ್ದವರೂ ಬಂದವರ ಹಾಗೇ ಇದ್ದಾರೆ ಅಂತ ಆ ಲೆಕ್ಕ ನಂಬುತ್ತೆ. ರೋಗ ಜಾಸ್ತಿಯಾಗಿ, ದುಡ್ಡು ಮುಗಿದು ಬರೋದು ನಿಲ್ಲಿಸಿದವರೇ ಹೆಚ್ಚಿದ್ದರೆ ಪರ್ಸೆಂಟೇಜ್ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. ಹಾಗಾಗಿ ನಾನು ಯಾವ ಪೇಪರ್ ತೆರೆದರೂ ಮೊದಲು ನೋಡೋದು ಎಷ್ಟು ಜನ ಕಾಣೆಯಾದರು ಅಂತ.

ಶಿರಸಿ_ಸೊಸೆ

ನಮ್ಮ ಅತ್ತೆಗೆ ಕೆನ್ನೆಯ ಒಳಗಡೆ ಆಗಿತ್ತು, ಕುತ್ತಿಗೆನೂ ಮಾಡಿದರು. ಗಾಯ ಬೇಗ ಒಣಗಿತು. ತೊಂದರೆ ಆಗಿದ್ದು ಭುಜದ್ದು. ಅಲ್ಲಿ ಒಂದು ನರ ಹಾದು ಹೋಗುತ್ತಂತೆ, ಅದನ್ನು ಉಳಿಸಿದರೂ ಎಳೆದಾಡಿದ ಹಾಗಾಗಿ ಸೋತಿರುತ್ತೆ. ಜಡೆ ಹಾಕಿಕೊಳ್ಳೋಕೆ ಕೈ ಮೇಲೆ ಹೋಗುತ್ತಿರಲಿಲ್ಲ, ಅಟ್ಟದ ಮೇಲಿನ ಡಬ್ಬ ಇಳಿಸೋಕೆ ಆಗುತ್ತಿರಲಿಲ್ಲ. ಆಸ್ಪತ್ರೆಯವರು ಡಿಸ್ಚಾರ್ಜ್ ಚೀಟಿಯಲ್ಲಿ ಫಿಸಿಯೋಥೆರಪಿ ಅಂತ ಬರೆದಿದ್ದರು, ಹೇಗೆ ಮಾಡೋದು ಅಂತ ಯಾರೂ ತೋರಿಸಲಿಲ್ಲ. ಆಮೇಲೆ ಇಲ್ಲೇ ಒಬ್ಬ ಫಿಸಿಯೋ ಹುಡುಗಿ ಗೋಡೆಗೆ ಬೆರಳಿಟ್ಟು ಮೇಲೆ ಹತ್ತಿಸೋ ವ್ಯಾಯಾಮ ಹೇಳಿಕೊಟ್ಟಳು, ಸುಧಾರಿಸಿತು. ಅಣ್ಣ, ಡಿಸ್ಚಾರ್ಜ್‌ಗೆ ಮೊದಲೇ ವಾರ್ಡಿನಲ್ಲಿ ಕೇಳಿ ಮಾಡಿಸಿ ನೋಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರ್‌ಗೂ ಅಡ್ಮಿಟ್ ಆಗೋ ಮುಂಚೆನೇ ಹೋಗಿ ಬನ್ನಿ.

ಹಾಸನದ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಆಪರೇಷನ್ ಆಯಿತು, ಕುತ್ತಿಗೆನೂ ಮಾಡಿಸಿದೆವು. ಅಪ್ಪ ಗಂಜಿ ಕುಡಿಯುತ್ತಿದ್ದಾರೆ, ಮಾತು ಸ್ವಲ್ಪ ತೊದಲುತ್ತೆ. ರಿಪೋರ್ಟ್‌ನಲ್ಲಿ ಗ್ರಂಥಿಗಳು 0/24, ಅಂದರೆ ಒಂದರಲ್ಲೂ ರೋಗ ಇಲ್ಲ. ಆದರೆ ಗಡ್ಡೆಯ ಆಳ 6 ಮಿಲಿಮೀಟರ್, ಟಿ2 ಅಂತ ಬರೆದಿದ್ದಾರೆ. ಮೊದಲು ಟಿ1 ಇತ್ತಲ್ಲ, ಡೇಟ್ ಸಿಗೋಕೆ ಕಾದಿದ್ದರಲ್ಲಿ ಬೆಳೆದುಬಿಟ್ಟಿತಾ? ಅಮ್ಮ ಅದೇ ಹೇಳಿಕೊಂಡು ಅಳುತ್ತಿದ್ದಾರೆ.

ಗಂಟಲು_ಡಾಕ್ಟರ್

ಬೆಳೆದಿಲ್ಲ, ಅಮ್ಮನಿಗೆ ಮೊದಲು ಅದನ್ನು ಹೇಳಿ. ಗಡ್ಡೆ ಅಷ್ಟೇ ಇದೆ, ಅಳತೆ ಎರಡು ಥರದ್ದು. ಹೊರಗಿಂದ ನೋಡಿದಾಗ ಅಗಲ ಮಾತ್ರ ಸಿಕ್ಕಿತ್ತು, 2 ಸೆಂಟಿಮೀಟರ್ ಒಳಗೆ, ಹಾಗಾಗಿ ಟಿ1. 2018ರಿಂದ ಬಳಕೆಗೆ ಬಂದ ಸ್ಟೇಜಿಂಗ್ ನಿಯಮದಲ್ಲಿ ಆಳವನ್ನೂ ಸೇರಿಸುತ್ತಾರೆ. 5 ಮಿಲಿಮೀಟರ್ ದಾಟಿದರೆ ಅಗಲ ಕಮ್ಮಿ ಇದ್ದರೂ ಟಿ2. ಹಳೇ ನಿಯಮದಲ್ಲಿ ಇದೇ ಗಡ್ಡೆ ಟಿ1 ಆಗಿಯೇ ಇರುತ್ತಿತ್ತು. 24ರಲ್ಲಿ ಸೊನ್ನೆ ಅನ್ನೋದು ಒಳ್ಳೆಯ ಸುದ್ದಿ, 18ಕ್ಕಿಂತ ಹೆಚ್ಚು ಗ್ರಂಥಿ ಸಿಕ್ಕಿದ್ದರೆ ಸರಿಯಾಗಿ ತೆಗೆದಿದ್ದಾರೆ ಅಂತ ಲೆಕ್ಕ. ಇನ್ನು ರಿಪೋರ್ಟ್‌ನಲ್ಲಿ ಮಾರ್ಜಿನ್ (ತೆಗೆದ ತುಂಡಿನ ಅಂಚಿನಲ್ಲಿ ರೋಗ ಇದೆಯಾ ಅನ್ನೋದು) ಅನ್ನೋ ಸಾಲು ನೋಡಿ, ರೇಡಿಯೇಷನ್ ಬೇಕೋ ಬೇಡವೋ ಅನ್ನೋದರಲ್ಲಿ ಅದೂ ಮುಖ್ಯ.

ಫೈಲು_ನೋಡೋಳು

ಇದಕ್ಕೊಂದು ತಮಾಷೆಯ ಬಾಲ ಇದೆ. ಹೊಸ ನಿಯಮದಲ್ಲಿ ಟಿ1ರಲ್ಲಿದ್ದ ಆಳವಾದ ಗಡ್ಡೆಯವರು ಟಿ2ಗೆ ಹೋದರು. ಟಿ1ರಲ್ಲಿ ಚೆನ್ನಾಗಿರೋರು ಮಾತ್ರ ಉಳಿದರು, ಅದರ ಪರ್ಸೆಂಟೇಜ್ ಏರಿತು. ಟಿ2ಗೆ ಹೋದವರು ಅಲ್ಲಿನ ಹಳಬರಿಗಿಂತ ವಾಸಿ, ಹಾಗಾಗಿ ಅಲ್ಲೂ ಏರುತ್ತೆ. ಒಬ್ಬರೂ ಒಂದು ದಿನ ಜಾಸ್ತಿ ಬದುಕದೆ ಎರಡೂ ಕಡೆ ಫಲಿತಾಂಶ ಸುಧಾರಿಸಿದ ಹಾಗೆ ಕಾಣುತ್ತೆ! ಇದನ್ನು 1985ರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಲೆಕ್ಕದಲ್ಲಿ ತೋರಿಸಿದ್ದರು, ವಿಲ್ ರೋಜರ್ಸ್ ಪರಿಣಾಮ ಅಂತಾರೆ. ಆದ್ದರಿಂದ ತಮ್ಮಾ, 2018ಕ್ಕಿಂತ ಹಳೇ ಪೇಪರಿನ ಟಿ2 ಸಾಲಿನಲ್ಲಿ ಅಪ್ಪನನ್ನು ಹುಡುಕಬೇಡ, ಆ ಸಾಲಿನಲ್ಲಿ ಅವರು ಇಲ್ಲ.

ಹಾಸನದ_ಹುಡುಗ

ಮಾರ್ಜಿನ್ ಕ್ಲಿಯರ್ ಅಂತಿದೆ ಸರ್, ಟ್ಯೂಮರ್ ಬೋರ್ಡ್ (ಮುಂದಿನ ಚಿಕಿತ್ಸೆ ಬಗ್ಗೆ ಡಾಕ್ಟರುಗಳೆಲ್ಲ ಸೇರಿ ಕೂರೋ ಮೀಟಿಂಗ್) ಸೋಮವಾರ. ಇನ್ನೊಂದು ಕೇಳೋದಿತ್ತು. ಅಪ್ಪ ಕಡ್ಡಿಪುಡಿ ಬಿಟ್ಟಿದ್ದಾರೆ, ಆದರೆ ಊಟ ಆದಮೇಲೆ ಬರೀ ಎಲೆ ಅಡಿಕೆ ಪರವಾಗಿಲ್ಲ ಅಲ್ವಾ ಅಂತ ಈಗಲೇ ಕೇಳುತ್ತಿದ್ದಾರೆ.

ಗಂಟಲು_ಡಾಕ್ಟರ್

ಎಲೆ ತಿನ್ನಲಿ, ಅಡಿಕೆ ಬೇಡ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ರೋಗ ಮರಳಿ ಬರೋದಿದ್ದರೆ ಹೆಚ್ಚಾಗಿ ಮೊದಲ 2 ವರ್ಷದಲ್ಲೇ ಬರುತ್ತೆ, ಆ ಅವಧಿಯ ಒಂದು ಚೆಕಪ್ಪನ್ನೂ ತಪ್ಪಿಸಬೇಡಿ. ಸೋಮವಾರ ಬೋರ್ಡ್ ಏನಂದಿತು ಇಲ್ಲಿ ಹಾಕಿ.