ಕಥೆಗೆ ಬೈಸಿಕೊಂಡ ಮೇಲೆ ಮತ್ತೆ ಬರೆಯೋದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಎರಡು ವರ್ಷದಿಂದ ಸಣ್ಣ ಕಥೆ ಬರೆಯುತ್ತಿದ್ದೇನೆ. ಹೋದ ತಿಂಗಳು ಒಂದು ಕಮ್ಮಟದಲ್ಲಿ ಓದಿದೆ. ಹಿರಿಯರೊಬ್ಬರು ‘ಇದು ಕಥೆಯಲ್ಲ, ವರದಿ’ ಅಂದುಬಿಟ್ಟರು. ಅವತ್ತಿನಿಂದ ಒಂದು ಸಾಲೂ ಬರೆದಿಲ್ಲ. ಸ್ನೇಹಿತರನ್ನು ಕೇಳಿದರೆ ಎಲ್ಲದಕ್ಕೂ ‘ಸೂಪರ್’ ಅಂತಾರೆ. ಯಾರ ಮಾತು ತಗೊಳ್ಳೋದು, ಯಾರದ್ದು ಬಿಡೋದು?

ಉತ್ತರ: ಸಾಗರದ ಕಡೆಯವಳು ನಾನು. ಅಡಿಕೆ ಸುಲಿಯೋ ಹೆಂಗಸಿನ ಬಗ್ಗೆ ಒಂದು ಕಥೆ ಬರೆದಿದ್ದೆ. ಪತ್ರಿಕೆಗೆ ಕಳಿಸಿದೆ, ಉತ್ತರವೇ ಬರಲಿಲ್ಲ. (ಮೊದಲಾದರೆ ಸ್ಟಾಂಪು ಹಚ್ಚಿದ ಲಕೋಟೆ ಇಟ್ಟು ಕಳಿಸಿದರೆ ಕಥೆಯಾದರೂ ವಾಪಸ್ ಬರುತ್ತಿತ್ತು, ಈಗ ಇಮೇಲ್‌ನಲ್ಲಿ ಅದೂ ಇಲ್ಲ.) ಸಾಹಿತ್ಯ ಬಲ್ಲವರೊಬ್ಬರಿಗೆ ಕೊಟ್ಟೆ. ‘ಸಂವೇದನೆ ಇದೆ, ಆಳ ಸಾಲದು’ ಅಂದರು. ಈ ಮಾತು ಇಟ್ಟುಕೊಂಡು ಏನು ಮಾಡೋದು ಹೇಳಿ? ಯಾವ ಸಾಲಿನಲ್ಲಿ ಅಗೆಯೋದು?

ಕೊನೆಗೆ ನಮ್ಮ ಮನೆಗೆ ಸುಲಿಯೋಕೆ ಬರುವ ಅಕ್ಕನಿಗೆ ಓದಿ ಹೇಳಿದೆ. ರಾತ್ರಿ ಹತ್ತು ಗಂಟೆ. ಅವರು ಮೆಟ್ಟುಗತ್ತಿ (ಅಡಿಕೆ ಸುಲಿಯೋ ಕತ್ತಿ ಕೂರಿಸಿದ ಮಣೆ) ಮೇಲೆ ಕೂತು, ಕೈ ನಿಲ್ಲಿಸದೆ ಕೇಳುತ್ತಿದ್ದರು. ನಾಯಕಿಯ ‘ಬೆಳ್ಳನೆಯ ಬೆರಳು’ ಬಂದ ಕೂಡಲೇ ನಕ್ಕುಬಿಟ್ಟರು. ‘ಹಸಿ ಅಡಿಕೆ ಸುಲಿಯೋರ ಕೈ ಬೆಳ್ಳಗಿರ್ತದಾ ತಂಗೀ?’ ಅಂತ ತಮ್ಮ ಕೈ ಚಾಚಿದರು. ಅಡಿಕೆಯ ಕರೆ ಹಿಡಿದು ಕಪ್ಪಾಗಿತ್ತು. ಎಷ್ಟು ತಿಕ್ಕಿದರೂ ಹೋಗೋದಿಲ್ಲವಂತೆ, ಮದುವೆಮನೆಯಲ್ಲಿ ಫೋಟೋಕ್ಕೆ ನಿಂತಾಗ ಕೈಯನ್ನು ಸೆರಗಿನಡಿ ಸೇರಿಸಿಕೊಳ್ಳುತ್ತಾರಂತೆ. ಅದೇ ಅಂಗಳದಲ್ಲಿ ಬೆಳೆದವಳು ನಾನು, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ! ನಾಚಿಕೆಯಾಯಿತು. ಕಥೆಯನ್ನು ಆ ಸೆರಗಿನಡಿಯ ಕೈಯಿಂದಲೇ ಮತ್ತೆ ಶುರು ಮಾಡಿದೆ. ‘ಆಳ ಸಾಲದು’ ಅಂದವರಿಗೆ ಕುಟುಕಿದ್ದೂ ಬಹುಶಃ ಇದೇ, ಜಾಗ ತೋರಿಸಲು ಅವರಿಗೆ ಆಗಲಿಲ್ಲ ಅಷ್ಟೇ.

ನಿಮ್ಮ ಹಿರಿಯರಿಗೂ ಒಂದು ಫೋನ್ ಮಾಡಿ. ‘ಸರ್, ಯಾವ ಜಾಗದಲ್ಲಿ ವರದಿ ಅನ್ನಿಸಿತು?’ ಅಂತ ಕೇಳಿ. ತೋರಿಸಿದರೆ ನಿಮಗೇ ಲಾಭ. ತೋರಿಸದೆ ಮತ್ತೆ ಭಾಷಣ ಶುರು ಮಾಡಿದರೆ ನಮಸ್ಕಾರ ಹೇಳಿ ಇಟ್ಟುಬಿಡಿ. ವಾದಕ್ಕೆ ಮಾತ್ರ ಇಳಿಯಬೇಡಿ. ನಾನೊಮ್ಮೆ ಫೇಸ್‌ಬುಕ್‌ನಲ್ಲಿ ಇಳಿದಿದ್ದೆ. ಮೂರು ದಿನ ಜಗಳ ನಡೆಯಿತು, ಜಗಳ ಓದಿದವರಲ್ಲಿ ಕಥೆ ಓದಿದವರು ಇಬ್ಬರೋ ಮೂವರೋ.

ಹಾಗಂತ ಜಾಗ ತೋರಿಸಿದವರ ಮಾತೆಲ್ಲ ಕೇಳಬೇಕಿಲ್ಲ. ಅದೇ ಕಥೆಯಲ್ಲಿ ನಮ್ಮ ಕಡೆಯ ‘ಎಂಥದು ಮಾರಾಯ್ತಿ’ಯನ್ನೆಲ್ಲ ತೆಗೆದು ಎಲ್ಲರಿಗೂ ಅರ್ಥವಾಗೋ ಕನ್ನಡ ಹಾಕಿ ಅಂತ ಒಬ್ಬರು ಹೇಳಿದರು. ಹಾಕಿ ನೋಡಿದೆ. ಅಕ್ಕ ದೂರದರ್ಶನದ ವಾರ್ತೆ ಓದಿದ ಹಾಗಾಯಿತು. ವಾಪಸ್ ಮೊದಲಿನಂತೆ ಮಾಡಿದೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಕಾದಂಬರಿ 1984ರಲ್ಲಿ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬಂತು. ಓದೋಕೆ ಕಷ್ಟ ಅಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನು ಆ ಸಾಲಿನವಳಲ್ಲ ಬಿಡಿ, ಆದರೆ ನನ್ನ ಅಕ್ಕನ ಬಾಯಿಗೆ ಬೇರೆ ಊರಿನ ಮಾತು ಯಾಕೆ ತುರುಕಲಿ?

ಇನ್ನೊಂದು ಉತ್ತರ: ನಾನು ಪ್ರತಿಲಿಪಿ ಅನ್ನೋ ಕಥೆಗಳ ಆ್ಯಪ್‌ನಲ್ಲಿ ಬರೆಯೋನು. ಅಲ್ಲಿ ಓದುಗರು ಕೊಡೋ ನಕ್ಷತ್ರ ಎಣಿಸೋ ಚಟ ಹತ್ತಿತ್ತು. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಅದೇ ಕೆಲಸ. ಒಮ್ಮೆ, ಮುಗಿದುಹೋದ ಕಥೆಯ ಕೆಳಗೆ ಒಬ್ಬರು ‘ಮುಂದಿನ ಭಾಗ ಬೇಗ ಹಾಕಿ’ ಅಂತ ಬರೆದರು. ಧಾರಾವಾಹಿ ಓದಿ ಅಭ್ಯಾಸ, ಪಾಪ ಅಂತ ನಕ್ಕೆ. ನಾಲ್ಕನೆಯವರೂ ಅದನ್ನೇ ಕೇಳಿದಾಗ ನಗು ನಿಂತಿತು. ಕೊನೆಯ ಪುಟ ತೆಗೆದು ನೋಡಿದರೆ ನಾನು ನಿಜವಾಗಿಯೂ ಮುಗಿಸಿರಲಿಲ್ಲ, ಸುಸ್ತಾಗಿ ಬಿಟ್ಟಿದ್ದೆ.

ಈಗ ‘ಹೇಗಿದೆ’ ಅಂತ ಯಾರನ್ನೂ ಕೇಳೋದಿಲ್ಲ. ಕೇಳಿದರೆ ಚೆನ್ನಾಗಿದೆ ಅಂತಾರೆ, ಇನ್ನೇನು ಅಂದಾರು? ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅಮ್ಮ ಎಲ್ಲಿ ‘ಒಲೆ ಮೇಲೆ ಹಾಲಿಟ್ಟಿದ್ದೆ, ನೋಡ್ಕೊಂಡು ಬರ್ತೀನಿ’ ಅಂತ ಎದ್ದು ಹೋಗುತ್ತಾರೋ, ಅಲ್ಲೊಂದು ಪೆನ್ಸಿಲ್ ಗೆರೆ.

ಕೇಳಿದವರು: ಇಬ್ಬರಿಗೂ ಥ್ಯಾಂಕ್ಸ್. ಹಿರಿಯರಿಗೆ ಫೋನ್ ಮಾಡೋ ಧೈರ್ಯ ಇನ್ನೂ ಬಂದಿಲ್ಲ. ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಎರಡನೇ ಪುಟಕ್ಕೇ ಹಾಲು ನೋಡೋಕೆ ಎದ್ದು ಹೋದರು. ಆಮೇಲೆ ಅಡುಗೆಮನೆಗೆ ಹೋಗಿ ನೋಡಿದೆ. ಹಾಲು ಇಟ್ಟೇ ಇರಲಿಲ್ಲ.