ಹಳೆ ಗೇಮ್, ಆ ಕಾಲದ ಗೇಮ್, ಹಳೆ ಮಾದರಿ ಗೇಮ್: ಯಾವುದಕ್ಕೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ,

ನನ್ನ ಹತ್ತಿರ ಇರುವ ಹಳೆ ವಿಡಿಯೊ ಗೇಮ್ ಮತ್ತು ಕನ್ಸೋಲ್‌ಗಳ (ಗೇಮ್ ಆಡುವ ಯಂತ್ರಗಳ) ಪಟ್ಟಿಯನ್ನು ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಯಾವುದು ಯಾವ ವರ್ಷದ್ದು, ಈಗ ಹೇಗಿದೆ, ಏನು ರಿಪೇರಿ ಆಗಿದೆ, ಇಷ್ಟೇ. ಹೆಸರುಗಳ ತೊಂದರೆ ಇಲ್ಲ. ಅಟಾರಿ ಅಟಾರಿಯೇ, ಸೇಗಾ ಸೇಗಾನೇ. ನಾನು ಸಿಕ್ಕಿಹಾಕಿಕೊಂಡದ್ದು ತೀರಾ ಸಣ್ಣ ಮಾತಿನಲ್ಲಿ: ‘ಹಳೆ’.

‘ಹಳೆ ಕನ್ಸೋಲ್’ ಅಂದರೆ ಕೇಳಿದವರಿಗೆ ಮೊದಲು ಹೊಳೆಯುವುದು ಯಾರೋ ಬಳಸಿ ಬಿಟ್ಟದ್ದು, ಸೆಕೆಂಡ್ ಹ್ಯಾಂಡ್ ಅಂತ. ಹೋದ ವರ್ಷ ಕೊಂಡದ್ದನ್ನು ಈ ವರ್ಷ ಮಾರಿದರೂ ಅದು ಹಳೆಯದೇ, 1977ರ ಅಟಾರಿಯೂ ಹಳೆಯದೇ. ಇನ್ನು 2016ರಲ್ಲಿ ನಿಂಟೆಂಡೊ ತಂದ ಪುಟಾಣಿ ಎನ್‌ಇಎಸ್ ಕ್ಲಾಸಿಕ್ ಇದೆಯಲ್ಲ, 30 ಗೇಮ್ ಒಳಗೇ ತುಂಬಿಕೊಂಡು ಬಂದದ್ದು, ಹೊರಗಿನಿಂದ ನೋಡಿದರೆ 1985ರ ಎನ್‌ಇಎಸ್ ಯಂತ್ರದ ಮರಿ, ಒಳಗಿರುವುದು ಮಾತ್ರ ಈಗಿನ ಚಿಪ್, ಅದನ್ನೂ ಜನ ‘ಹಳೆ ಗೇಮ್’ ಅಂತಲೇ ಕರೆಯುತ್ತಾರೆ. ಒಂದೇ ಮಾತು ಮೂರು ಕಡೆ ದುಡಿಯುತ್ತಿದೆ. ಎದುರಿಗೆ ವಸ್ತು ಇಟ್ಟುಕೊಂಡು ಮಾತಾಡುವಾಗ ಇದು ನಡೆಯುತ್ತದೆ. ಪಟ್ಟಿಯಲ್ಲಿ ನಡೆಯುವುದಿಲ್ಲ.

ಇಂಗ್ಲಿಷಿನವರು ವಿಂಟೇಜ್, ರೆಟ್ರೊ, ಯೂಸ್ಡ್ ಅಂತ ಮೂರು ಮಾಡಿಕೊಂಡಿದ್ದಾರೆ. ಮೊದಲೆರಡನ್ನು ಅವರೂ ಬೇಕಾದ ಹಾಗೆ ಕಲಸಿಬಿಡುತ್ತಾರೆ, ಅದು ಬೇರೆ ವಿಷಯ. ವಿಂಟೇಜ್ ಅನ್ನುವುದು ದ್ರಾಕ್ಷಿ ಕೊಯ್ಲಿನಿಂದ ಬಂದ ಮಾತು. ಇಂಥ ವರ್ಷದ ಬೆಳೆ ಅನ್ನುವ ಅರ್ಥ ಅದರೊಳಗೇ ಕೂತಿದೆ. ನನಗೆ ಬೇಕಿರುವುದೂ ಅದೇ: ವಯಸ್ಸಾಗಿದೆ ಅಂತಲ್ಲ, ಇಂಥ ಕಾಲಕ್ಕೆ ಸೇರಿದ್ದು ಅಂತ.

‘ಪುರಾತನ’, ‘ಪ್ರಾಚೀನ’ ಎರಡನ್ನೂ ಬರೆದು ನೋಡಿ ಹೊಡೆದುಹಾಕಿದೆ. ಅವು ಶಾಸನ, ತಾಳೆಗರಿಗೆ ಸರಿ. ಫ್ಯಾಮಿಕಾಮ್ (ಎನ್‌ಇಎಸ್‌ನ ಜಪಾನಿ ರೂಪ) ಹುಟ್ಟಿದ್ದು 1983ರಲ್ಲಿ, ಅದು ಪುರಾತನ ಆದರೆ ಅದೇ ವರ್ಷ ಹುಟ್ಟಿದ ಮನುಷ್ಯರು ಏನಾಗಬೇಕು? ಹಳಗನ್ನಡ ಅನ್ನುವ ಹಾಗೆ ‘ಹಳಗೇಮ್’ ಅನ್ನಿ ಅಂತ ಗೆಳೆಯರೊಬ್ಬರು ಹೇಳಿದರು. ಕೇಳಲು ಚೆನ್ನಾಗಿದೆ, ಆದರೆ ‘ಗೇಮೆ’ ಅಂತ ನಮ್ಮದೇ ಮಾತೊಂದು ಆಗಲೇ ಇದೆ, ಮೈಬಗ್ಗಿಸಿ ದುಡಿಯುವುದು ಅಂತ ಅದರ ಅರ್ಥ. (ಆ ಕಾಲದ ಕೆಲವು ಗೇಮ್ ಆಡಿದವರಿಗೆ ಎರಡೂ ಒಂದೇ ಅನ್ನಿಸಿದರೆ ಆಶ್ಚರ್ಯ ಇಲ್ಲ.)

ಸದ್ಯಕ್ಕೆ ನಾನು ಬರೆಯುತ್ತಿರುವುದು ಹೀಗೆ. ವಿಂಟೇಜ್ ಇದ್ದ ಕಡೆ ‘ಆ ಕಾಲದ’. ರೆಟ್ರೊ ಇದ್ದ ಕಡೆ ‘ಹಳೆ ಮಾದರಿ’. ಯೂಸ್ಡ್ ಅನ್ನುವುದಕ್ಕೆ ‘ಬಳಸಿದ’. ಕಷ್ಟದ ಉದಾಹರಣೆ ಹಾಕಿ ಪರೀಕ್ಷೆ ಮಾಡಿದರೂ ಇದು ನಿಲ್ಲುತ್ತದೆ ಅಂತ ನನ್ನ ಅನಿಸಿಕೆ. 2019ರಲ್ಲಿ ಬಂದ ‘ಮೈಕ್ರೊ ಮೇಜಸ್’ ಅನ್ನುವ ಗೇಮ್ ಹೊಚ್ಚ ಹೊಸದು, ಆದರೆ ಎನ್‌ಇಎಸ್‌ಗಾಗಿಯೇ ಮಾಡಿದ್ದು, ಆಗಿನವರ ಹಾಗೆ ಬರೀ 40 ಕಿಲೋಬೈಟ್‌ನಲ್ಲಿ ಮುಗಿಸಿದ್ದಾರೆ. ಇದು ಹಳೆಯದೋ ಹೊಸದೋ ಅಂತ ಜಗಳ ಆಡುವ ಬದಲು ‘ಆ ಕಾಲದ ಯಂತ್ರಕ್ಕೆ ಈ ಕಾಲದ ಗೇಮ್’ ಅಂತ ಬರೆದರೆ ಮುಗಿಯಿತು. ಅಂಗಡಿಯಲ್ಲೇ ಉಳಿದು, ಸೀಲ್ ಒಡೆಯದೆ ಇಷ್ಟು ವರ್ಷ ಕಳೆದದ್ದು ‘ಆ ಕಾಲದ್ದು, ಬಳಸದ್ದು’. ‘ಹಳೆ’ ಒಂದರಿಂದಲೇ ಇದನ್ನು ಹೇಳಲು ಹೋದರೆ ‘ಹೊಸ ಹಳೆ ಗೇಮ್’ ಅನ್ನಬೇಕಾಗುತ್ತದೆ. ಆದರೂ ‘ಆ ಕಾಲದ’ ಅನ್ನುವುದು ಎರಡು ಮಾತು, ಯಾವ ಕಾಲ ಅಂತ ಮರುಪ್ರಶ್ನೆ ಬೇರೆ ಬರುತ್ತದೆ. ಇದಕ್ಕಿಂತ ಗಟ್ಟಿಯಾದ ಒಂದೇ ಮಾತು ಯಾರಿಗಾದರೂ ಗೊತ್ತಾ?

ಎರಡನೆಯದು ‘ಕ್ಯಾಸೆಟ್’. ಗೇಮ್ ತುಂಬಿದ ಆ ಪ್ಲಾಸ್ಟಿಕ್ ಇಟ್ಟಿಗೆಯನ್ನು ನಾವೆಲ್ಲ ಕ್ಯಾಸೆಟ್ ಅಂತಲೇ ಕರೆಯುತ್ತೇವೆ. ಅದು ತಪ್ಪು, ಕಾರ್ಟ್ರಿಜ್ ಅನ್ನಬೇಕು ಅಂತ ತಿದ್ದುವವರು ಇದ್ದೇ ಇರುತ್ತಾರೆ. ನಾನು ತಿದ್ದಿಕೊಳ್ಳುವುದಿಲ್ಲ. ಫ್ಯಾಮಿಕಾಮ್ ಹುಟ್ಟಿದ ಜಪಾನಿನಲ್ಲೇ ಅದನ್ನು ‘ಕಸೆಟ್ಟೊ’ ಅನ್ನುತ್ತಾರೆ. ಕ್ಯಾಸೆಟ್ ಅನ್ನುವುದಕ್ಕೆ ಮೂಲದ ಅರ್ಥವೂ ಚಿಕ್ಕ ಪೆಟ್ಟಿಗೆ ಅಂತಷ್ಟೇ, ಒಳಗೆ ಟೇಪ್ ಸುತ್ತಿರಲೇಬೇಕು ಅಂತ ಎಲ್ಲೂ ಇಲ್ಲ. ತೊಡಕು ಬರುವುದು ಬೇರೆ ಕಡೆ. 1982ರ ಜ಼ಡ್‌ಎಕ್ಸ್ ಸ್ಪೆಕ್ಟ್ರಮ್, ಕಮೊಡೋರ್ 64 ಅನ್ನುವ ಮನೆ ಕಂಪ್ಯೂಟರ್‌ಗಳ ಗೇಮ್ ನಿಜವಾದ ಹಾಡಿನ ಕ್ಯಾಸೆಟ್‌ನಲ್ಲೇ ಬರುತ್ತಿತ್ತು. ಟೇಪ್ ಓಡಿ ಗೇಮ್ ಒಳಗೆ ಹೋಗುವವರೆಗೂ ನಿಮಿಷಗಟ್ಟಲೆ ಕಾಯಬೇಕು. ಎರಡೂ ಒಂದೇ ಕಪಾಟಿನಲ್ಲಿ ಇರುವವರು ಏನು ಮಾಡಬೇಕು? ನಾನು ಸುತ್ತುವುದನ್ನು ‘ಟೇಪ್’ ಅಂತಲೂ ಚುಚ್ಚುವುದನ್ನು ‘ಕ್ಯಾಸೆಟ್’ ಅಂತಲೂ ಬರೆದಿದ್ದೇನೆ. 1972ರ ಮ್ಯಾಗ್ನವಾಕ್ಸ್ ಒಡಿಸ್ಸಿಯದನ್ನು ಮಾತ್ರ ಕ್ಯಾಸೆಟ್ ಅನ್ನಲು ಮನಸ್ಸು ಬರಲಿಲ್ಲ. ಅದರೊಳಗೆ ಗೇಮೇ ಇಲ್ಲ, ಯಂತ್ರದ ಒಳಗಿನ ಸಂಪರ್ಕಗಳನ್ನು ಅದಲುಬದಲು ಮಾಡುವ ಬರೀ ಒಂದು ಕಾರ್ಡ್ ಅದು. ಚಿಪ್‌ನಲ್ಲಿ ಗೇಮ್ ತುಂಬಿ ಚುಚ್ಚುವ ಪದ್ಧತಿ ಮನೆಗಳಿಗೆ ಬಂದದ್ದು 1976ರಲ್ಲಿ, ಜೆರ್ರಿ ಲಾಸನ್ ಅವರ ತಂಡ ಮಾಡಿದ ಫೇರ್‌ಚೈಲ್ಡ್ ಚಾನಲ್ ಎಫ್ ಜೊತೆಗೆ.

ಇನ್ನು ‘ಸ್ಥಿತಿ’ ಅನ್ನುವ ಅಂಕಣ. ಇಲ್ಲಿ ಮಾತ್ರ ನನಗೆ ಕನ್ನಡ ಎಲ್ಲೂ ಕೈಕೊಡಲಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೆ ಇಷ್ಟು ಬಿಗಿಯಾಗಿ ಬರುತ್ತಿತ್ತಾ ಅಂತ ಅನುಮಾನ.

ಎನ್‌ಇಎಸ್ ನೋಡಿ. ವಿಸಿಆರ್ ಥರ ಮುಂದಿನಿಂದ ಕ್ಯಾಸೆಟ್ ತಳ್ಳಿ, ಕೆಳಗೆ ಅದುಮಬೇಕು. ಒಳಗೆ 72 ಪಿನ್‌ಗಳ ಒಂದು ಕನೆಕ್ಟರ್. ಅದುಮಿ ಅದುಮಿ ಆ ಪಿನ್‌ಗಳು ಸಡಿಲ ಆಗುತ್ತವೆ. ಆಗ ಯಂತ್ರದ ಕಾವಲು ಚಿಪ್‌ಗೆ (ಕ್ಯಾಸೆಟ್ ಅಸಲಿಯೇ ಅಂತ ನೋಡುವುದು) ಕ್ಯಾಸೆಟ್‌ನಲ್ಲಿರುವ ಜೋಡಿ ಚಿಪ್ ಸಿಗುವುದಿಲ್ಲ, ಅದು ಯಂತ್ರವನ್ನು ಸೆಕೆಂಡಿಗೊಮ್ಮೆ ಮೊದಲಿನಿಂದ ಶುರುಮಾಡುತ್ತಲೇ ಇರುತ್ತದೆ. ಕೆಂಪು ದೀಪ ಮಿಣಮಿಣ ಅನ್ನುವುದು ಅದಕ್ಕೇ. ಇದನ್ನು ‘ಕೆಲಸ ಮಾಡುತ್ತಿಲ್ಲ’ ಅಂತ ಬರೆದರೆ ತಪ್ಪು ಮಾಹಿತಿ ಕೊಟ್ಟ ಹಾಗೆ. ‘ಕ್ಯಾಸೆಟ್ ಕೂರುತ್ತದೆ, ಪಿನ್ ಕಚ್ಚುತ್ತಿಲ್ಲ’ ಅಂದರೆ ಎಲ್ಲ ಗೊತ್ತಾಯಿತು ಅಲ್ವಾ? ಹೊಸ ಕನೆಕ್ಟರ್ ಹಾಕಿಸಿದರೆ ಕೆಲವು ಸಲ ಅದು ಎಷ್ಟು ಬಿಗಿ ಇರುತ್ತದೆ ಅಂದರೆ ಕ್ಯಾಸೆಟ್ ಹೊರಗೆಳೆಯಲು ಹೆಣಗಬೇಕು, ಅದಕ್ಕೆ ‘ಕಚ್ಚಿದರೆ ಬಿಡುವುದಿಲ್ಲ’. ಬಾಯಿಂದ ಊದುವುದರ ಬಗ್ಗೆ ಒಂದು ಮಾತು: ಊದಿದ್ದರಿಂದ ಸರಿಹೋಗುತ್ತಿರಲಿಲ್ಲ, ತೆಗೆದು ಮತ್ತೆ ಕೂರಿಸಿದ್ದರಿಂದ ಸರಿಹೋಗುತ್ತಿತ್ತು. ಊದಿದ ತೇವ ಅಲ್ಲೇ ಉಳಿಯುತ್ತದೆ, ಅಷ್ಟೇ ಲಾಭ.

ಆ ತೇವಕ್ಕೆ ಹಿಡಿಯುವುದನ್ನು ಎಷ್ಟೋ ಜನ ‘ತುಕ್ಕು’ ಅಂತ ಬರೆಯುತ್ತಾರೆ. ತುಕ್ಕು ಕಬ್ಬಿಣಕ್ಕೆ. ಕ್ಯಾಸೆಟ್‌ನ ಅಂಚಿನಲ್ಲಿರುವುದು ತಾಮ್ರದ ಪಟ್ಟಿ, ಮೇಲೆ ತೆಳ್ಳಗೆ ಲೇಪ. ಲೇಪ ಸವೆದ ಕಡೆ ಹಿಡಿಯುವುದು ಕಿಲುಬು. ತಿಕ್ಕುವ ಮೊದಲೇ ಯಾವುದು ಅಂತ ಗೊತ್ತಿರುವುದು ಒಳ್ಳೆಯದು, ಯಾಕೆಂದರೆ ಕೊಳೆ ಮಾತ್ರ ಆದರೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದರೆ ಬಂದುಬಿಡುತ್ತದೆ, ಕಿಲುಬು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹಾಗೇ ‘ಸೋರು’ ಮತ್ತು ‘ಜಿನುಗು’. 1990ರ ಸೇಗಾ ಗೇಮ್ ಗೇರ್ (ಕೈಯಲ್ಲೇ ಹಿಡಿದು ಆಡುವ ಕನ್ಸೋಲ್) ಬಿಚ್ಚಿದವರಿಗೆ ಗೊತ್ತು, ತೆಗೆದ ತಕ್ಷಣ ಮೀನಿನ ವಾಸನೆ ಬಂತು ಅಂದರೆ ಕೆಪಾಸಿಟರ್‌ಗಳ (ವಿದ್ಯುತ್ ಹಿಡಿದಿಡುವ ಪುಟ್ಟ ಬಿಡಿಭಾಗ) ಕಥೆ ಮುಗಿದಿದೆ. ಒಳಗಿನ ದ್ರವ ಹನಿ ಹನಿ ಬೀಳುವುದಿಲ್ಲ, ಬುಡದಲ್ಲಿ ಒಸರಿ, ಬೋರ್ಡ್ ಮೇಲೆ ಹರಡಿ, ಮೆಲ್ಲಗೆ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಪರದೆ ಮಂಕಾಗುತ್ತದೆ, ದನಿ ಕುಗ್ಗುತ್ತದೆ. ಇದು ‘ಜಿನುಗಿದೆ’. ‘ಸೋರಿದೆ’ ಅನ್ನುವುದನ್ನು ನಾನು ಬ್ಯಾಟರಿ ಒಡೆದು ಡಬ್ಬಿಯೆಲ್ಲ ಆದದ್ದಕ್ಕೆ ಇಟ್ಟುಕೊಂಡಿದ್ದೇನೆ. ‘ಒಸರು’ ಇನ್ನೂ ಸರಿ ಅನ್ನುವವರು ಇದ್ದರೆ ವಾದಕ್ಕೆ ಸಿದ್ಧ.

ಬಣ್ಣದ ವಿಷಯ ಬೇಗ ಹೇಳಿಬಿಡುತ್ತೇನೆ. ಲೇಬಲ್ ಆದರೆ ‘ಮಾಸಿದೆ’, ಪ್ಲಾಸ್ಟಿಕ್ ಆದರೆ ‘ಹಳದಿ ತಿರುಗಿದೆ’. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡಿದ್ದಾರೆ ಅಂದರೆ ಅದನ್ನೂ ಬರೆಯಬೇಕು, ಯಾಕೆಂದರೆ ಹಳದಿ ಮತ್ತೆ ಬರಬಹುದು.

ಸಂಗ್ರಹ ಮಾಡುವವರು ದಿನಾ ಬಳಸುವ ‘ಲೂಸ್’ ಅನ್ನುವುದಕ್ಕೆ ‘ಬಿಡಿ’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಬಿಡಿ ಕ್ಯಾಸೆಟ್, ಅಂದರೆ ಡಬ್ಬಿ ಇಲ್ಲ, ಪುಸ್ತಕ ಇಲ್ಲ. ಎಲ್ಲ ಇದ್ದರೆ ‘ಇಡಿ’. ಬಿಡಿ, ಇಡಿ. ನನ್ನ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಅಂಕಣ ಇದು. ‘ನಕಲು’ ಮತ್ತು ‘ನಕಲಿ’ಯ ವ್ಯತ್ಯಾಸವೂ ಹೀಗೇ ಉಪಯೋಗಕ್ಕೆ ಬಂತು. ಈಗ ಮಾಡಿದ್ದು ಅಂತ ಹೇಳಿಯೇ ಮಾರಿದರೆ ನಕಲು, ಅಸಲಿ ಅಂತ ಹೇಳಿ ಟೋಪಿ ಹಾಕಿದರೆ ನಕಲಿ. ವಸ್ತು ಒಂದೇ ಇರಬಹುದು, ಮಾರುವವನ ಬಾಯಿ ಬೇರೆ. ಗೇಮ್ ಬಾಯ್ ಅಡ್ವಾನ್ಸ್‌ನ ಅಸಲಿ ಕ್ಯಾಸೆಟ್ ಆದರೆ ಕೆಳಗಿನ ಪಿನ್‌ಗಳ ಮೇಲ್ಭಾಗದ ಬೋರ್ಡ್‌ನಲ್ಲಿ ನಿಂಟೆಂಡೊ ಹೆಸರು ಕಾಣುತ್ತದೆ, ಲೇಬಲ್ ಮೇಲೆ ಒತ್ತಿದ ಸಣ್ಣ ಅಂಕಿ ಇರುತ್ತದೆ. ಈಗಿನ ನಕಲಿಗಳು ಇದನ್ನೂ ಕಲಿತುಕೊಂಡಿವೆ, ಹಾಗಾಗಿ ಬಿಚ್ಚಿ ನೋಡುವುದೇ ವಾಸಿ.

ಹಿಂಬದಿ ಉಬ್ಬಿದ ಆ ಕಾಲದ ಟಿವಿಗೆ ‘ಡಬ್ಬಾ ಟಿವಿ’ ಅಂತಲೇ ಬರೆದಿದ್ದೇನೆ. ಸ್ವಲ್ಪ ಅವಮಾನದ ಮಾತು, ಆದರೆ ಎಲ್ಲರಿಗೂ ತಿಳಿಯುತ್ತದೆ. ಎನ್‌ಇಎಸ್‌ನ ಬಂದೂಕು ಕೆಲಸ ಮಾಡುವುದು ಆ ಡಬ್ಬಾದಲ್ಲಿ ಮಾತ್ರ. ಕುದುರೆ (ಟ್ರಿಗರ್) ಒತ್ತಿದಾಗ ಪರದೆ ಕ್ಷಣ ಕಪ್ಪಾಗಿ ಗುರಿಯ ಜಾಗ ಬೆಳ್ಳಗಾಗುತ್ತದೆ, ಆ ಬೆಳಕು ಬಂದೂಕಿನ ಕಣ್ಣಿಗೆ ಸರಿಯಾದ ಹೊತ್ತಿಗೆ ಬೀಳಬೇಕು. ಚಪ್ಪಟೆ ಟಿವಿ ಚಿತ್ರವನ್ನು ತಡವಾಗಿ ತೋರಿಸುತ್ತದೆ.

ಕೊನೆಯ ಪ್ರಶ್ನೆ, ನಿಜವಾಗಿ ನನ್ನನ್ನು ಕಾಡುತ್ತಿರುವುದು. 1987ರ ಜ಼ೆಲ್ಡಾ ಕ್ಯಾಸೆಟ್ ಒಳಗೆ ಒಂದು ಗುಂಡಿ ಬ್ಯಾಟರಿ ಇದೆ, ಆಡಿದಷ್ಟನ್ನು ಉಳಿಸಲು. ಪೊಕೆಮಾನ್ ಗೋಲ್ಡ್, ಸಿಲ್ವರ್‌ನಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ಓಡಿಸಬೇಕು, ಹಾಗಾಗಿ ಬೇಗ ಖಾಲಿ. ಇಲ್ಲಿ ಹೇಳಬೇಕಾದದ್ದು ಎರಡು. ಹಿಂದೆ ಆಡಿದವರ ಆಟ ಇನ್ನೂ ಒಳಗಿದೆ, ಇದಕ್ಕೆ ‘ಸೇವ್ ಉಳಿದಿದೆ’ ಸಾಕು. ಬ್ಯಾಟರಿ ಚೆನ್ನಾಗಿದೆ, ನೀವು ಸೇವ್ ಮಾಡಿದರೆ ಅಳಿಸಿಹೋಗುವುದಿಲ್ಲ, ಇದಕ್ಕೆ ಬಾಯಲ್ಲಿ ನಾವು ‘ಸೇವ್ ನಿಲ್ಲುತ್ತದೆ’ ಅನ್ನುತ್ತೇವೆ. ಆದರೆ ಬರೆದಾಗ? ‘ನಿಲ್ಲುತ್ತದೆ’ ಅಂದರೆ ಅಲ್ಲೇ ಇರುತ್ತದೆ ಅಂತಲೂ ಆಯಿತು, ನಿಂತುಹೋಗುತ್ತದೆ ಅಂತಲೂ ಆಯಿತು. ‘ಸೇವ್ ಹಿಡಿಯುತ್ತದೆ’, ‘ಸೇವ್ ತಾಳುತ್ತದೆ’, ಎರಡೂ ಬರೆದು ನೋಡಿದೆ, ಕಿವಿಗೆ ಒಗ್ಗಲಿಲ್ಲ. ನಿಮ್ಮ ಕಡೆ ಏನನ್ನುತ್ತೀರಿ?