ಸಹಾಯ ಬೇಕು: ತ್ರಿಭುಜಗಳ ಸಮರೂಪತೆಗೆ ಕೋನಗಳಷ್ಟೇ ಏಕೆ ಸಾಕು?

ರೇಖಾಗಣಿತ ಬಲ್ಲವರಲ್ಲಿ ಒಂದು ವಿನಂತಿ. ಎರಡು ಬಹುಭುಜಗಳು ಸಮರೂಪವಾಗಿರಬೇಕಾದರೆ (ಗಾತ್ರ ಬೇರೆಯಾದರೂ ಒಂದೇ ಆಕಾರದವಾಗಿರಬೇಕಾದರೆ) ಅನುರೂಪ, ಅಂದರೆ ಒಂದಕ್ಕೊಂದು ಹೊಂದುವ ಸ್ಥಾನದಲ್ಲಿರುವ, ಕೋನಗಳು ಸಮವಾಗಿರಬೇಕು, ಅನುರೂಪ ಬಾಹುಗಳು ಸಮಾನುಪಾತದಲ್ಲಿಯೂ ಇರಬೇಕು ಎಂಬ ವ್ಯಾಖ್ಯೆ ನನಗೆ ಸ್ಪಷ್ಟವಾಗಿದೆ. 4 ಸೆಂ.ಮೀ. ಬಾಹುವಿನ ಚೌಕವನ್ನೂ 7 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಆಯತವನ್ನೂ ಅಕ್ಕಪಕ್ಕ ಬರೆದರೆ ಎಲ್ಲ ಕೋನಗಳೂ 90 ಡಿಗ್ರಿಯೇ ಆಗಿದ್ದರೂ ಅವು ಸಮರೂಪವಲ್ಲ. ಅದೇ ಚೌಕವನ್ನು 60 ಡಿಗ್ರಿ ಕೋನವುಳ್ಳ ವಜ್ರಾಕೃತಿಯೊಂದಿಗೆ (ನಾಲ್ಕೂ ಬಾಹುಗಳು ಸಮವಿರುವ ಚತುರ್ಭುಜದೊಂದಿಗೆ) ಹೋಲಿಸಿದರೆ ಬಾಹುಗಳ ಅನುಪಾತ ಸರಿಹೊಂದಿದರೂ ಕೋನಗಳು ಹೊಂದುವುದಿಲ್ಲ. ಹಾಗಿರುವಾಗ ತ್ರಿಭುಜಗಳಲ್ಲಿ ಮಾತ್ರ ಎರಡು ಕೋನಗಳು ಸಮವಾದ ಕೂಡಲೇ ಬಾಹುಗಳು ತಾವಾಗಿಯೇ ಸಮಾನುಪಾತಕ್ಕೆ ಬರುವುದೇಕೆ?

ಥೇಲ್ಸ್ ಪ್ರಮೇಯದ ಮೂಲಕ ಇದನ್ನು ಸಾಧಿಸುತ್ತಾರೆ ಎಂಬುದನ್ನು ಬಲ್ಲೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆಯು ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಎಂಬ ಆ ಪ್ರಮೇಯವನ್ನು ತೋರಿಸಲು ತ್ರಿಭುಜಗಳ ವಿಸ್ತೀರ್ಣವನ್ನು ಬಳಸುವ ಆ ಸಾಧನೆಯ ಪ್ರತಿ ಹಂತವೂ ಅರ್ಥವಾಗುತ್ತದೆ. ಆದರೆ ಉದ್ದಗಳ ಪ್ರಶ್ನೆಗೆ ವಿಸ್ತೀರ್ಣ ಏಕೆ ಬೇಕಾಯಿತು ಎಂಬುದು ಮನಸ್ಸಿಗೆ ಇಳಿದಿಲ್ಲ. ನನಗೆ ಮುಖ್ಯವಾಗಿ ಬೇಕಿರುವುದು ಇದರ ವಿವರಣೆಯೇ.

ಇನ್ನೊಂದು ಚಿಕ್ಕ ಸಂದೇಹವಿದೆ. 6, 8, 10 ಸೆಂ.ಮೀ. ಬಾಹುಗಳ ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಶೃಂಗದಿಂದ (ಮೂಲೆಯಿಂದ) ಎದುರಿನ ಬಾಹುವಾದ ವಿಕರ್ಣಕ್ಕೆ ಲಂಬವೆಳೆದಾಗ ಉಂಟಾಗುವ ಎರಡು ತ್ರಿಭುಜಗಳೂ ಮೂಲ ತ್ರಿಭುಜಕ್ಕೆ ಸಮರೂಪವಾಗಿದ್ದು, ಲಂಬದ ಉದ್ದ 4.8 ಸೆಂ.ಮೀ. ಬರುತ್ತದೆ. ಒಂದು ತ್ರಿಭುಜ ಇನ್ನೊಂದರೊಳಗೆ ಹೀಗೆ ತಿರುಗಿ ಕುಳಿತಿರುವಾಗ ಯಾವ ಶೃಂಗಕ್ಕೆ ಯಾವ ಶೃಂಗ ಅನುರೂಪವೆಂದು ಗುರುತಿಸಲು ತಾವು ಅನುಸರಿಸುವ ಕ್ರಮವನ್ನು, ಸಾಧ್ಯವಾದರೆ ಚಿತ್ರ ಬಿಡಿಸಿ, ತಿಳಿಸಿಕೊಡಬೇಕೆಂದು ಕೋರುತ್ತೇನೆ.